ಸತ್ತವನೇ ಹೇಳಬೇಕು

ಸೋಮನ ಸಿಟ್ಟು ಮೂಗಿನ ತುದಿಯಲ್ಲಿರಲಿಲ್ಲ. ಅಲ್ಲಿದ್ದಿದ್ದರೆ ಒರೆಸಿಕೊಂಡು ಹೋಗಬಹುದಿತ್ತು. ಅದು ಬಲಗೈ ಮುಷ್ಟಿಯಲ್ಲಿತ್ತು. ಎಂಟನೇ ಇಯತ್ತೆಯಲ್ಲಿ ಮಾಸ್ತರು ಎಸೆದ ಡಸ್ಟರನ್ನು ಗಾಳಿಯಲ್ಲೇ ಹಿಡಿದು, ಬಂದ ವೇಗದಲ್ಲೇ ವಾಪಸು ಕಳಿಸಿದ್ದ. ಅಲ್ಲಿಗೆ ಅವನ ಶಾಲೆ ಮುಗಿಯಿತು. ಹಿಡಿದದ್ದಕ್ಕೆ ಶಾಬಾಸ್ ಅನ್ನುವವರು ಒಬ್ಬರೂ ಇರಲಿಲ್ಲ, ಎಸೆದದ್ದನ್ನು ಮಾತ್ರ ಎಲ್ಲರೂ ನೋಡಿದ್ದರು. ಈಗ ದಿನಾ ಬನವಾಸಿಯಿಂದ ಬಸ್ಸಿನಲ್ಲಿ ಬಂದು ಶಿರಸಿಯ ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯ ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ತಿದ್ದುತ್ತಿದ್ದ. ಪಂಕ್ಚರ್ ತಿದ್ದುವುದಕ್ಕೆ ಯಾರು ಬೇಕಾದರೂ ಸಿಗುತ್ತಾರೆ. ಆದರೆ ಪೆಟ್ಲು ಮಾಡುವುದರಲ್ಲಿ ಸೋಮನನ್ನು ಮೀರಿಸುವವರು ಸೀಮೆಯಲ್ಲೇ ಇರಲಿಲ್ಲ.

ಪೆಟ್ಲು ಅಂದರೆ ಬಿದಿರಿನ ಕೋವಿ. ವಾಟೆಬಿದಿರಿನ ಒಂದು ಗೆಣ್ಣು ಕೊಯ್ದು, ಒಳಗೆ ಹಸಿರು ಜುಮ್ಮನಕಾಯಿ ತುರುಕಿ, ಕೋಲಿನಿಂದ ಮುಂದಿನ ಬಾಯಿಯವರೆಗೆ ತಳ್ಳಬೇಕು. ಹಿಂದಿನಿಂದ ಇನ್ನೊಂದು ಕಾಯಿ ಹಾಕಿ ಜೋರಾಗಿ ಒತ್ತಿದರೆ ನಡುವೆ ಸಿಕ್ಕಿದ ಗಾಳಿ ತಡೆಯಲಾರದೆ ಮುಂದಿನ ಕಾಯಿಯನ್ನು ಒದೆಯುತ್ತದೆ. ಪಟ್ ಎಂಬ ಸದ್ದು, ಜುಮ್ ಎನ್ನುವ ವಾಸನೆ, ತಗುಲಿದವನ ಮೈಮೇಲೆ ಒಂದು ಕೆಂಪು ಚುಕ್ಕೆ. ಚೌತಿ ಬಂತೆಂದರೆ ಮಕ್ಕಳ ಕೈಯಲ್ಲೆಲ್ಲ ಅದೇ. ಆದರೆ ತೊಂಬತ್ತೊಂಬತ್ತರ ಚೌತಿಗೆ ಮೀಸೆ ಬಂದವರೂ ಪೆಟ್ಲು ಹಿಡಿದರು. ಬೇಸಿಗೆಯಿಡೀ ಟೀವಿಯಲ್ಲಿ ಕಾರ್ಗಿಲ್ ನೋಡಿದ್ದರಲ್ಲ, ಎಲ್ಲರ ತಲೆಯಲ್ಲೂ ಬಂಕರು, ಶಿಖರ, ದಾಳಿಯೇ ತುಂಬಿತ್ತು. ಬನವಾಸಿಯ ಹುಡುಗರು ಗುಂಪು ಕಟ್ಟಿದರು. ನಾಯಕ ಯಾರೆಂದು ಕೇಳುವ ಅಗತ್ಯವೇ ಬೀಳಲಿಲ್ಲ. ಸೋಮ ಜನ್ಮದಲ್ಲಿ ಮೊದಲ ಸಲ ಒಂದು ಸಾಲಿನ ಮುಂದೆ ನಿಂತಿದ್ದ.

ಆಡಲು ಮಾತ್ರ ಜಾಗವಿರಲಿಲ್ಲ. ಬಸ್ಸು ಹಿಡಿದು ದೂರದ ಮಾಗೋಡಿನ ಕಾಡಿಗೆ ಹೋದರೆ, ಜಲಪಾತ ನೋಡಲು ಬಂದ ಯಾರದೋ ಕುತ್ತಿಗೆಗೆ ಕಾಯಿ ತಗುಲಿ ಫಾರೆಸ್ಟ್ ಗಾರ್ಡ್ ಬಂದ. ಗಾರ್ಡ್ ಗದರಿದ್ದಕ್ಕೆ ಸೋಮ ಅವನ ಟೊಪ್ಪಿ ಕಿತ್ತು ಮರಕ್ಕೆ ಎಸೆದ. ಕಾಡು ಹೋಯಿತು. ಶಾಲೆ ಮೈದಾನದಲ್ಲಿ ಮಾತಿಗೆ ಮಾತು ಬೆಳೆದು ಮೈದಾನವೂ ಹೋಯಿತು. ಕೊನೆಗೆ ಉಳಿದದ್ದು ಶಿರಸಿ–ಬನವಾಸಿ ದಾರಿಯ ಪಕ್ಕದ ಅಕೇಸಿಯಾ ತೋಪು. ಅದು ಪಾರ್ವತವ್ವನದು. ನಾಲ್ಕು ಎಮ್ಮೆ, ಒಂದು ಬೆತ್ತ ಮತ್ತು ಊರಿಗೆಲ್ಲ ಕೇಳುವ ಗಂಟಲು ಇರುವ ಮುದುಕಿ ಆಕೆ.

"ಆಡ್ರಿ," ಅಂದಿದ್ದಳು ಪಾರ್ವತವ್ವ, ಎಮ್ಮೆಯ ಬೆನ್ನು ತಟ್ಟುತ್ತ. "ಖರೇ ಒಂದ್ ಮಾತು. ಒಬ್ಬರ ಕಣ್ಣಾಗ ನೀರು ಬಂತಂದ್ರ ಆಟ ಬಂದ್. ನೋವಿಂದೋ, ಸಿಟ್ಟಿಂದೋ, ನಾ ಕೇಳಾಂಗಿಲ್ಲ. ನೀರು ಅಂದ್ರ ನೀರು. ಆಮ್ಯಾಲ ಈ ಬೇಲಿಯೊಳಗ ಯಾರ ಕಾಲಿಟ್ರೂ ಎಮ್ಮಿ ಬಿಡ್ತೇನಿ."

ಚೌಡ, ಸೋಮನ ಚಡ್ಡಿ ದೋಸ್ತ, ಅದಕ್ಕೆ ತನ್ನದೂ ಒಂದು ಸೇರಿಸಿದ. "ಕೇಳಿಲ್ಲಿ ಸೋಮಾ. ಇದು ಕಡೇ ಜಾಗ. ಇಲ್ಲೂ ನೀ ಮುಷ್ಟಿ ಎತ್ತಿದ್ರ ನಿನ್ನ ಪೆಟ್ಲು ನಿನಗ, ನಮ್ಮ ಆಟ ನಮಗ. ನಿನ್ನ ಕರಿಯಾಂಗಿಲ್ಲ."

ಸೋಮ ಕೈಯಲ್ಲಿದ್ದ ಸ್ಪೋಕನ್ನು ಬಗ್ಗಿಸಿ ಉಂಗುರ ಮಾಡಿದ. ಪೆಟ್ಲು ಹೋದರೆ ಅವನಿಗೆ ಉಳಿಯುವುದು ಪಂಕ್ಚರ್ ಮಾತ್ರ ಎಂಬುದು ಚೌಡನಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಎದುರಾಳಿ ತಾನಾಗಿಯೇ ಅಂಗಡಿಗೆ ನಡೆದು ಬಂದ. ಯಲ್ಲಾಪುರದ ಕಡೆ ನಂದೊಳ್ಳಿಯ ಚಿರಂತನ ಹೆಗಡೆ, ಶಿರಸಿಯಲ್ಲಿ ಕಾಲೇಜು ಓದುವವನು. ಚಕ್ರಕ್ಕೆ ಗಾಳಿ ಹಾಕಿಸಲು ಬಂದವನು ಗೋಡೆಗೆ ತೂಗುಬಿಟ್ಟಿದ್ದ ಉದ್ದದ ಪೆಟ್ಲು ನೋಡಿ ಗಾಳಿ ಮರೆತ. "ನಮ್ಮೂರಲ್ಲೂ ಒಂದು ಟೀಮಿದೆ ಮಾರಾಯಾ. ಆಡೋಣ, ಆದರೆ ರೂಲ್ಸ್ ಮಾಡ್ಕೊಂಡು ಆಡೋಣ," ಅಂದ. ಪೇಟೆಗೆ ಬಂದಾಗ ಮನೆಯ ಮಾತನ್ನು ಚಪ್ಪಲಿಯಂತೆ ಹೊರಗೆ ಬಿಟ್ಟು 'ನಾನು, ನೀನು' ಎಂದು ಶಾಲೆ ಕನ್ನಡ ಆಡುವುದು ಅವನ ಕಡೆಯ ತೋಟದವರ ರೂಢಿ. ರೂಲ್ಸ್ ಎಂಬ ಶಬ್ದ ಕೇಳಿದ್ದೇ ಸೋಮನ ಮುಷ್ಟಿ ತಾನಾಗಿ ಮಡಚಿಕೊಂಡಿತು.

ಮರುದಿನ ಅಂಗಡಿಯ ಮುಂದೆ ಸಭೆ. ಈ ಕಡೆ ಸೋಮ, ಚೌಡ, ಬೈರ. ಆ ಕಡೆ ಚಿರಂತನ, ಅವನ ಚಿಕ್ಕಪ್ಪನ ಮಗಳು ಸ್ಫೂರ್ತಿ. ನಂದೊಳ್ಳಿಯಲ್ಲಿ ಕಾಗೆ ಓಡಿಸುವ ಕೆಲಸ ಸ್ಫೂರ್ತಿಯದು. ಅವಳು ಪೆಟ್ಲು ಎತ್ತಿದರೆ ಕಾಗೆಗಳು ಕೂಗದೆಯೇ ಹಾರಿಹೋಗುತ್ತವೆ ಎಂದು ಚಿರಂತನ ಪರಿಚಯ ಮಾಡಿಸಿದ.

"ಮೊದಲನೇದು ಕಣ್ಣು. ಎಲ್ಲರೂ ಕನ್ನಡಕ ಹಾಕ್ಬೇಕು," ಅಂದ ಚಿರಂತನ.

"ಕನ್ನಡಕಾನ?" ಅಂದ ಸೋಮ. "ಅಲ್ಲಿ ಹಿಮದಾಗ ನಮ್ಮ ಜವಾನರು ಜೀವಾನ ಕೊಟ್ರು. ನೀವು ಕಣ್ಣಿಗೆ ಗ್ಲಾಸ್ ಏರಿಸ್ಕೊಂಡು ಯುದ್ಧಕ್ಕ ಬರ್ತೀರೇನು, ಮದಿವಿಗೆ ಬರ್ತೀರೋ?"

"ಹಿಮದಲ್ಲಿ ಅವರೂ ಕನ್ನಡಕ ಹಾಕಿದ್ರು. ನೀನು ಟೀವಿ ಸರಿಯಾಗಿ ನೋಡ್ಲಿಲ್ಲ," ಅಂದಳು ಸ್ಫೂರ್ತಿ.

ಬೈರ ಖೊಳ್ಳನೆ ನಕ್ಕ. ಸೋಮ ದುರುಗುಟ್ಟಿದ. ನಿಜ, ಹಾಕಿದ್ದರು. ಅದು ನೆನಪಾಗಿ ಸಿಟ್ಟು ಇನ್ನೂ ಹೆಚ್ಚಾಯಿತು.

"ಗುಂಡು ಬಿದ್ರ ನೋವಾಗ್ಬೇಕು," ಅಂದ. "ನೋವಾಗ್ಲಿಲ್ಲಂದ್ರ ಅದು ಗುಂಡಲ್ಲ, ಅಕ್ಷತಿ."

"ನೋವಾಗ್ಲಿ, ಯಾರು ಬೇಡ ಅಂದ್ರು?" ಅಂದ ಚಿರಂತನ. "ಕಣ್ಣು ಹೋದ್ರೆ ಏನು ಮಾಡ್ತೀಯ, ಟ್ಯೂಬಿಗೆ ಹಚ್ಚಿದ ಹಾಗೆ ಪ್ಯಾಚ್ ಹಚ್ತೀಯಾ?"

ಪ್ಯಾಚ್ ಎಲ್ಲಿ ಹತ್ತುವುದಿಲ್ಲ ಎಂಬುದು ಸೋಮನಿಗೆ ಗೊತ್ತಿತ್ತು. ಆದ್ದರಿಂದ ಕನ್ನಡಕ ಪಾಸಾಯಿತು. ಮುಂದಿನದು ಪೆಟ್ಲುವಿನ ಜೋರು. ಹಳೇ ಪೇಪರಿನ ಒಂದು ಹಾಳೆ ನೀರಲ್ಲಿ ನೆನೆಸಿ ಹಗ್ಗಕ್ಕೆ ಹಾಕುವುದು, ಹತ್ತು ಮಾರು ದೂರದಿಂದ ಹೊಡೆಯುವುದು. ಹಾಳೆ ಹರಿದರೆ ಆ ಪೆಟ್ಲು ಆಟಕ್ಕಿಲ್ಲ. ಒಬ್ಬೊಬ್ಬರೇ ಹೊಡೆದರು. ಕಾಯಿಗಳು ಹಾಳೆಗೆ ಪಚ್ಚೆಂದು ಅಂಟಿ ಕೆಳಗೆ ಬಿದ್ದವು. ಸೋಮ ಗೋಡೆಯಿಂದ ತನ್ನ ಉದ್ದದ ಪೆಟ್ಲು ಇಳಿಸಿದ. ಒಂದು ಮಳೆಗಾಲವಿಡೀ ಅಟ್ಟದ ಹೊಗೆಯಲ್ಲಿ ಒಣಗಿಸಿದ್ದು, ಹೊನ್ನೆಣ್ಣೆ ಹಚ್ಚಿ ತಿಕ್ಕಿದ್ದು. ಒತ್ತಿದ. ಕಾಯಿ ಹಾಳೆಯನ್ನು ಸೀಳಿ, ಹಿಂದಿನ ಸೈಕಲ್ಲಿನ ಬೆಲ್ಲಿಗೆ ಬಡಿದು ಠಣ್ ಅನ್ನಿಸಿತು.

ಬೈರ ಭಕ್ತಿಯಿಂದ ಬೆಲ್ಲು ಮುಟ್ಟಿ ನೋಡಿದ.

"ಭಾರಿ ಚೊಲೋ ಇದ್ದು," ಅಂದುಬಿಟ್ಟ ಚಿರಂತನ, ಶಾಲೆ ಕನ್ನಡ ಮರೆತು. ಆಮೇಲೆ ಗಂಟಲು ಸರಿಮಾಡಿಕೊಂಡು, "ಆದ್ರೆ ಆಟಕ್ಕಿಲ್ಲ."

ಸೋಮ ಚೌಡನ ಮುಖ ನೋಡಿದ. ಚೌಡ ಆಕಾಶ ನೋಡಿದ. ಸೋಮ ಒಳಗೆ ಹೋಗಿ ಹ್ಯಾಕ್ಸಾ ತಂದು, ಹಲ್ಲು ಕಚ್ಚಿಕೊಂಡು, ತನ್ನ ಪೆಟ್ಲುವನ್ನು ತಾನೇ ಗೇಣುದ್ದ ಕೊಯ್ದ. ಉದ್ದ ಕಡಿಮೆಯಾದರೆ ಗಾಳಿ ಕಡಿಮೆ, ಗಾಳಿ ಕಡಿಮೆಯಾದರೆ ಪೆಟ್ಟು ಕಡಿಮೆ. ಕೊಯ್ದ ತುಂಡನ್ನು ಯಾರಿಗೂ ಕಾಣದಂತೆ ಜೇಬಿಗೆ ಹಾಕಿಕೊಂಡ. ಮತ್ತೆ ಹೊಡೆದಾಗ ಕಾಯಿ ಹಾಳೆಗೆ ಅಂಟಿ, ತುಸು ಹೊತ್ತು ನಿಂತು, ಕೆಳಗೆ ಬಿತ್ತು. "ಅಕ್ಷತಿ," ಅಂದ ಸೋಮ.

"ಕಡೆಯದು," ಅಂದ ಚಿರಂತನ. "ಪೆಟ್ಟು ಬಿದ್ದವನು ಯಾರು ಅಂತ ಯಾರು ಹೇಳ್ಬೇಕು? ಸತ್ತವನೇ ಹೇಳ್ಬೇಕು. ಬಾಯಿಬಿಟ್ಟು ಕೂಗಿ ಹೇಳಿ ಮಲಗ್ಬೇಕು."

ಸೋಮ ಎದ್ದೇ ನಿಂತ. "ಜಗತ್ತಿನಾಗ ಯಾವ ಮಗಾ ತಾನಾಗಿ ಸತ್ತೆ ಅಂತಾನೋ? ತಪ್ಪು ಮಾಡಿದವ ತಾನಾಗಿ ಮಾಡ್ದೆ ಅಂತಾನೇನು? ಅದಕ್ಕ ನೋವಿರ್ಬೇಕು ಅಂದಿದ್ದು! ನೋವಾದ್ರ ಹೆಣಾನೂ ಅಯ್ಯೋ ಅಂತೈತಿ. ನೋವು ತೆಗದ್ರಿ, ಈಗ ಪ್ರಾಮಾಣಿಕ ಆಗ್ರಿ ಅಂತೀರಿ!"

ಅವನ ಮಾತಲ್ಲೂ ಅರ್ಥವಿತ್ತು. ದಪ್ಪ ಅಂಗಿ ಹಾಕಿದವನಿಗೆ ಕಾಯಿ ಬಿದ್ದದ್ದೇ ತಿಳಿಯದಿರಬಹುದು. ಕೊನೆಗೆ ಸೋಮನ ಹಟಕ್ಕೆ ಇನ್ನೊಂದು ರೂಲು ಸೇರಿತು: ಪೆಟ್ಟು ಬಿದ್ದವನಿಗೆ ಗೊತ್ತಾಗದಿದ್ದರೆ ಹೊಡೆದವನು ಕೂಗಿ ಹೇಳಬಹುದು. ಹೇಳಿದ ಮೇಲೆ ವಾದವಿಲ್ಲ, ತಕ್ಷಣ ಮಲಗಬೇಕು. ಎಲ್ಲರೂ ಒಪ್ಪಿ ಚಾ ಕುಡಿದರು. ಕೂಗುವ ಶಬ್ದ ಯಾವುದೆಂದು ಯಾರೂ ಕೇಳಲಿಲ್ಲ. ಸಾಯುವುದಕ್ಕೆ ಕನ್ನಡದಲ್ಲಿ ಎಷ್ಟು ಶಬ್ದ ಬೇಕು?

ಭಾನುವಾರ ಮಳೆ ಬಿಟ್ಟು ಬಿಸಿಲು ಬಂದಿತ್ತು. ನಂದೊಳ್ಳಿಯ ತಂಡ ಯಲ್ಲಾಪುರದ ಬಸ್ಸು ಹಿಡಿದು ಬಂತು. ಅವರ ಕಣ್ಣಿಗೆ ಕಾಲೇಜಿನ ಪ್ರಯೋಗಾಲಯದ ಕನ್ನಡಕ. ಬನವಾಸಿಯವರಿಗೆ ಸೋಮನೇ ಮಾಡಿಕೊಟ್ಟಿದ್ದ: ಪ್ಲಾಸ್ಟಿಕ್ ಬಾಟಲಿ ಕತ್ತರಿಸಿದ ಪಟ್ಟಿ, ಹಿಂದೆ ಕಟ್ಟಲು ಸೈಕಲ್ ಟ್ಯೂಬು. ಹಾಕಿಕೊಂಡರೆ ಜಗತ್ತು ನೀರೊಳಗೆ ಮುಳುಗಿದ ಹಾಗೆ ಕಾಣುತ್ತಿತ್ತು. "ಎಮ್ಮಿಗಳು ನಿಮ್ಮನ್ನ ನೋಡಿ ಹಾಲು ಬತ್ತಿಸ್ಕೊಂಡಾವು," ಎಂದು ಬೈಯುತ್ತ ಪಾರ್ವತವ್ವ ಬದುವಿನ ಮೇಲೆ ಕಂಬಳಿ ಹಾಸಿ ಕೂತಳು. ಬೆತ್ತ ಎತ್ತಿ, "ಹೂಂ, ಸಾಯ್ರಿ!" ಎಂದಳು. ಯುದ್ಧ ಶುರುವಾಯಿತು.

ಸೋಮ ದೊಡ್ಡ ಹುತ್ತದ ಹಿಂದೆ ಹೊಂಚಿ ಕೂತ. ಅವನ ಎಣಿಕೆ ಸರಿಯಾಗಿತ್ತು. ಎಡಕ್ಕೆ ಬೈರ ಬಗ್ಗಿಕೊಂಡು ಹೋದ, ಸ್ಫೂರ್ತಿ ಮರ ಬಿಟ್ಟು ಹೊರಗೆ ಬಂದಳು, ಬೈರನ ಪೆಟ್ಲು ಪಟ್ ಎಂದಿತು. ಕಾಯಿ ಅವಳ ತೋಳಿಗೆ ತಗುಲಿದ್ದನ್ನು ಸೋಮ ತನ್ನ ಬಾಟಲಿಗಣ್ಣಿನಿಂದಲೇ ನೋಡಿದ.

"ಸತ್ತಿ!" ಎಂದು ಕೂಗಿದಳು ಸ್ಫೂರ್ತಿ.

ಬೈರ ಬೆಪ್ಪಾದ. ತನ್ನ ಎದೆ ನೋಡಿಕೊಂಡ, ಬೆನ್ನು ಮುಟ್ಟಿಕೊಂಡ. ಯಾವಾಗ ಹೊಡೆದಳೋ, ಎಲ್ಲಿ ತಗುಲಿತೋ. ಆದರೆ ರೂಲು ರೂಲು. ಮಲಗಿದ.

ಏನೋ ಎಡವಟ್ಟಾಗಿದೆ ಎಂದು ಸೋಮ ಅಂದುಕೊಳ್ಳುವಷ್ಟರಲ್ಲಿ ಬಲಗಡೆ ನಂದೊಳ್ಳಿಯ ಒಬ್ಬ ಚೌಡನಿಗೆ ಹೊಡೆದ. "ಸತ್ತೆ!" ಎಂದ ಚೌಡ ನಿಯತ್ತಾಗಿ. ಹೊಡೆದವನು, "ಎಂತಾ? ಎಲ್ಲಿ ತಾಗ್ತು?" ಎಂದು ಗೊಣಗುತ್ತ ತಾನೂ ಮಲಗಿದ. ಅಲ್ಲಿಂದ ಮುಂದೆ ತೋಪಿನಲ್ಲಿ ನಡೆದದ್ದಕ್ಕೆ ಯುದ್ಧವೆಂದು ಹೇಳಲು ಬರುವುದಿಲ್ಲ. ಪಟ್ ಎಂದಾಗಲೆಲ್ಲ ಇಬ್ಬಿಬ್ಬರು ಬೀಳುತ್ತಿದ್ದರು. ಸತ್ತಿ, ಧೊಪ್, ಧೊಪ್. ಸತ್ತೆ, ಧೊಪ್, ಧೊಪ್. ಗಂಡ ಹೆಂಡತಿಯರ ಹಾಗೆ ಜೊತೆಜೊತೆಗೆ ಹೆಣಗಳು ಮಲಗಿದವು. ಬದುವಿನ ಮೇಲೆ ಪಾರ್ವತವ್ವ ಎಲೆಯಡಿಕೆ ಬಾಯಿಗೆ ಹಾಕುವುದನ್ನೂ ಮರೆತು ನೋಡುತ್ತಿದ್ದಳು.

ಕೊನೆಗೆ ನಿಂತವರು ಇಬ್ಬರೇ, ಸೋಮ ಮತ್ತು ಚಿರಂತನ. ಸೋಮ ಹುತ್ತ ಬಳಸಿ, ಉಸಿರು ಹಿಡಿದು, ಹತ್ತು ಮಾರು ದೂರದಲ್ಲಿ ನಿಂತು, ಕೊಯ್ದು ಗಿಡ್ಡವಾದ ತನ್ನ ಪೆಟ್ಲು ಎತ್ತಿ ಒತ್ತಿದ. ಚಿರಂತನನ ಬಿಳಿ ಅಂಗಿಯ ಎರಡನೇ ಗುಂಡಿಯ ಪಕ್ಕ ಹಸಿರು ಕಲೆ ಮೂಡಿತು. ಸೋಮನ ಬಾಯಿ ಕಿವಿಯವರೆಗೆ ಹಿಗ್ಗಿತು. ಗೆದ್ದ!

"ಸತ್ತಿ! ಸತ್ತಿ!" ಎಂದು ಚಿರಂತನ ತೋಪು ನಡುಗುವ ಹಾಗೆ ಕಿರುಚಿದ.

ಹಿಗ್ಗಿದ ಬಾಯಿ ಹಾಗೇ ನಿಂತಿತು. ಹೊಡೆದವನು ತಾನು, ಸತ್ತವನೂ ತಾನೇ? ವಾದವಿಲ್ಲ, ತಕ್ಷಣ ಮಲಗಬೇಕು. ಆ ರೂಲು ಮಾಡಿಸಿದವನೂ ತಾನೇ! ಅಂದರೆ ಬೆಳಗಿನಿಂದ ಇವರ ಕಡೆಯವರೆಲ್ಲ ಇದನ್ನೇ ಮಾಡುತ್ತಿದ್ದಾರೆ. ಪೆಟ್ಟು ತಿನ್ನುವುದು, 'ನೀ ಸತ್ತಿ' ಅನ್ನುವುದು. ಓದಿದವರ ಹಳೇ ಆಟ. ಡಸ್ಟರು ಎಸೆದವರು ಅವರು, ಶಾಲೆ ಬಿಟ್ಟವನು ತಾನು. ಸೋಮ ಪೆಟ್ಲು ಬಿಸಾಡಿ ಓಡಿದ. ಚಿರಂತನನ ಕಾಲರಿಗೆ ಕೈ ಹಾಕಿ ಎಬ್ಬಿಸಿ, ಬಲಗೈ ಮುಷ್ಟಿ ಮೇಲಕ್ಕೆತ್ತಿದ.

ತೋಪಿನ ಹೆಣಗಳೆಲ್ಲ ತಲೆ ಎತ್ತಿದವು. "ಸೋಮಾ, ಬ್ಯಾಡ!" ಎಂದು ಚೌಡ ಕೂಗಿದ. ಬದುವಿನ ಮೇಲೆ ಪಾರ್ವತವ್ವ ಎದ್ದು ನಿಂತಳು. "ಏ! ನೀರು ಬಂತೇನೋ ಅವನ ಕಣ್ಣಾಗ? ಎಮ್ಮಿ ಬಿಚ್ಚಲೇನು?"

"ನಾ ಹೊಡದೇನಿ! ನಾನ ಸತ್ತೆನಂತ?" ಸೋಮ ಒದರಿದ.

"ನೀನು ಸತ್ತೆ ಹೇಳಿ ಯಾರು ಹೇಳಿದ್ವಾ?" ಚಿರಂತನ ಅಷ್ಟೇ ಜೋರಾಗಿ ಒದರಿದ. ಹೆದರಿಕೆಗೆ ಅವನ ಶಾಲೆ ಕನ್ನಡ ಪೂರ್ತಿ ಓಡಿಹೋಗಿ, 'ಅಂತ' ಇರಬೇಕಾದಲ್ಲಿ 'ಹೇಳಿ' ಬಂದಿತ್ತು. "ಸತ್ತಿ ಹೇಳ್ತಾ ಇದ್ದಿ ಅಲ್ದಾ!"

"ನೋಡ್ರೋ, ಮತ್ತ ಸತ್ತಿ ಅಂತಾನ!"

"ಸತ್ತಿದ್ದಕ್ಕೇ ಸತ್ತಿ ಹೇಳಿದ್ದಿ ಮಾರಾಯಾ! ಸತ್ತವನ ಕಾಲರ್ ಹಿಡದು ಎಂತಕ್ಕೆ ಎಬ್ಬಿಸ್ತೆ?"

ಸೋಮ ಎತ್ತಿದ ಮುಷ್ಟಿಯಲ್ಲೇ ತಡೆದ. ಆಗಲೇ ಅವನ ತಲೆಗೆ ಹೊಳೆದದ್ದು: ತಾನು ಬರುವಾಗ ಇವನು ನೆಲದ ಮೇಲಿದ್ದ. ಕೈಕಾಲು ಚೆಲ್ಲಿ, ಕಣ್ಣು ಮುಚ್ಚಿ, ನಿಯತ್ತಿನ ಹೆಣದ ಹಾಗೆ ಮಲಗಿದ್ದ. ಮೋಸ ಮಾಡುವವನು ಮಲಗುವುದು ಯಾಕೆ?

"ಸತ್ತಿದ್ದು ಯಾರು?" ಎಂದು ಕೇಳಿದ, ಸ್ವಲ್ಪ ಮೆತ್ತಗೆ.

"ಆನು."

"ಆನು ಅಂದ್ರ ಯಾವನು?"

"ನಾನು! ನಾನು! ಚಿರಂತನ ಹೆಗಡೆ! ನಮ್ಮನೆ ಕಡೆ ಆನು ಸತ್ತಿ ಅಂದ್ರೆ ನಾನು ಸತ್ತೆ!"

"ಮತ್ತ ನಾ ಸತ್ರ?"

"ನೀನು ಸತ್ತೆ!"

ಬನವಾಸಿಯವರು 'ಸತ್ತೆ' ಅಂದರೆ ನಾನು, 'ಸತ್ತಿ' ಅಂದರೆ ನೀನು. ನಂದೊಳ್ಳಿಯ ತೋಟದವರಿಗೆ ಅದು ತಿರುಗಾಮುರುಗಾ. ಎರಡೂ ಕಡೆಯವರು ಹರಿಶ್ಚಂದ್ರನ ತುಂಡುಗಳ ಹಾಗೆ ನಿಜ ಹೇಳಿ ಹೇಳಿ ಒಬ್ಬರನ್ನೊಬ್ಬರು ಕೊಂದುಹಾಕಿದ್ದರು.

ಮೊದಲು ಎದ್ದವನು ಬೈರ. "ಹಂಗಾದ್ರ ನಾ ಸತ್ತಿಲ್ಲೇನು? ಆವಾಗಿಂದ ಕೆಂಪಿರಿವಿ ಗೂಡಿನ ಮ್ಯಾಲ ಬಿದ್ದೇನಲ್ಲೋ! ಹೆಣ ಅಲುಗಬಾರ್ದು ಅಂತ ತಡ್ಕೊಂಡೇನಿ!"

"ನಿನ್ನ ಪಕ್ಕದಲ್ಲೇ ಆನೂ ಬಿದ್ದಿದ್ದಿ. ಇರುವೆ ಎಂತ ಜಾತಿ ನೋಡ್ತಾ?" ಎಂದಳು ಸ್ಫೂರ್ತಿ, ಕಾಲು ಕೆರೆದುಕೊಳ್ಳುತ್ತ.

ಪಾರ್ವತವ್ವನ ನಗು ಅಲ್ಲಿ ಒಡೆಯಿತು. ಬೆತ್ತ ಒಂದು ಕಡೆ, ಎಲೆಯಡಿಕೆ ಚೀಲ ಒಂದು ಕಡೆ. ಹೊಟ್ಟೆ ಹಿಡಿದುಕೊಂಡು ಕಂಬಳಿಯ ಮೇಲೆ ಕೂತಳು, ಕೂತವಳು ಅಡ್ಡಾದಳು. "ಅಯ್ಯೋ ನನ್ನ ಶಿವನ, ಸಾಯಾಕೂ ಬರಂಗಿಲ್ಲಲ್ಲೋ ನಿಮಗ!" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಸೋಮನ ಕಣ್ಣು ಚುರುಕಾಯಿತು. "ಅವ್ವಾ, ನೀರು! ಕಣ್ಣಾಗ ನೀರು! ನೀರು ಅಂದ್ರ ನೀರು ಅಂದಿದ್ದಿ—"

ಚೌಡ ಹಾರಿ ಬಂದು ಅವನ ಬಾಯಿ ಮುಚ್ಚಿದ. "ಮುದಿಕಣ್ಣು ಹಂಗ ಸೋರತಾವು. ಲೆಕ್ಕಕ್ಕಿಲ್ಲ!" ಎಂದಳು ಪಾರ್ವತವ್ವ ನಗುವಿನ ನಡುವೆ. ಬೇರೆ ದಿನವಾಗಿದ್ದರೆ ಇಂಥ ತೀರ್ಪಿನ ಮೇಲೆ ಸೋಮ ಅರ್ಧ ತಾಸು ಜಗಳ ಆಡುತ್ತಿದ್ದ.

ಒಂದು ಮುಷ್ಟಿ ಮಾತ್ರ ಇನ್ನೂ ಮೇಲೇ ಇತ್ತು. ಎತ್ತಿದ್ದನ್ನು ಎಲ್ಲಾದರೂ ಇಳಿಸಬೇಕಲ್ಲ. ಸೋಮ ಅದನ್ನು ಬಿಡಿಸಿ, ಬೆರಳುಗಳನ್ನು ಒಮ್ಮೆ ನೋಡಿಕೊಂಡು, ಚಿರಂತನನ ಅಂಗಿಯ ಮೇಲೆ ಅಂಟಿದ್ದ ಎಲೆ ಕೊಡವಿದ. ಕೊಡವಿದ್ದು ತುಸು ಜೋರಾಗಿಯೇ ಇತ್ತು. "ಹೊಡತ ಹೆಂಗಿತ್ತು?" ಎಂದು ಕೇಳಿದ.

"ಅಕ್ಷತೆ ಅಲ್ಲ ಮಾರಾಯಾ. ಉರೀತಾ ಇದ್ದು."

ಸೋಮನಿಗೆ ಅಷ್ಟು ಸಾಕಿತ್ತು.

ಇನ್ನೊಂದು ಆಟಕ್ಕೆ ಹೊತ್ತಿತ್ತು. ಆದರೆ ಕೂಗುವ ಶಬ್ದ? 'ಔಟ್' ಅನ್ನೋಣ ಅಂದ ಚಿರಂತನ. ಇದು ಕ್ರಿಕೆಟ್ಟಲ್ಲ, ಯುದ್ಧ ಅಂದ ಸೋಮ. 'ಹರಹರ' ಅಂದ ಬೈರ. ಪಾರ್ವತವ್ವ ಬೆತ್ತ ತೋರಿಸಿದಳು. ಕೊನೆಗೆ ಸ್ಫೂರ್ತಿ, "ಪಟಾಕಿ ಸಿಡೀದೇ ಇದ್ರೆ ನಿಮ್ಮ ಕಡೆ ಏನಂತಾರೆ?" ಎಂದು ಕೇಳಿದಳು.

"ಟುಸ್ ಅಂತೇವಿ."

"ನಮ್ಮಲ್ಲೂ ಟುಸ್ಸೇ. ನಾನು ಟುಸ್, ನೀನೂ ಟುಸ್. ಟುಸ್ ಅಂದವನು ಮಲಗ್ಬೇಕು, ಕೇಳಿದವನು ಅಲ್ಲ."

ಎರಡನೇ ಯುದ್ಧ ಶುರುವಾಯಿತು. ಸೋಮ ಈ ಸಲ ಹುತ್ತ ಬಿಟ್ಟು ಜಿಗ್ಗಿನ ಪೊದೆಯ ಮರೆಯಲ್ಲಿ ತೆವಳಿದ. ಮುಂದೆ ಚಿರಂತನನ ಬೆನ್ನು ಕಾಣುತ್ತಿತ್ತು, ಅಗಲವಾಗಿ, ಕರೆಯುವ ಹಾಗೆ. ಕಾಯಿ ತುಂಬಿದ. ಆಗ ಹಿಂದಿನಿಂದ ಅವನ ದಪ್ಪ ಖಾಕಿ ಅಂಗಿಯ ಮೇಲೆ ಏನೋ ತಟ್ಟಿತು. ನೋವಿಲ್ಲ. ಹಸು ಬಾಲ ತಾಗಿಸಿದಷ್ಟು. ಜುಮ್ ಎನ್ನುವ ವಾಸನೆ ಮಾತ್ರ ಮೂಗಿಗೆ ಬಂತು. ತಿರುಗಿ ನೋಡಿದರೆ ದೂರದಲ್ಲಿ ಸ್ಫೂರ್ತಿ, ಬಗ್ಗಿ ಮತ್ತೆ ಕಾಯಿ ತುಂಬುತ್ತಿದ್ದಾಳೆ. ತಗುಲಿದ್ದು ಅವಳಿಗೂ ಕಂಡಿಲ್ಲ. ಯಾರಿಗೂ ಕಂಡಿಲ್ಲ. ಪಾರ್ವತವ್ವ ಎಮ್ಮೆಯ ಹಿಂದೆ ಹೋಗಿದ್ದಾಳೆ. ಚಿರಂತನನ ಬೆನ್ನು ಇನ್ನೂ ಅಲ್ಲೇ ಇದೆ. ಇದೊಂದು ಹೊಡೆತ ಹೊಡೆದು ಆಮೇಲೆ ಸತ್ತರೆ ಯಾರ ಗಂಟು ಹೋಗುತ್ತದೆ?

ಸೋಮ ಪೆಟ್ಲುವಿನ ಕೋಲು ಒತ್ತಲು ಹೋದ. ಹಲ್ಲು ಕಡಿದ. ಸ್ಫೂರ್ತಿಯನ್ನು ಬೈದ, ಚಿರಂತನನನ್ನು ಬೈದ, ಪೇಪರ್ ಹಾಳೆಯನ್ನೂ ಹ್ಯಾಕ್ಸಾವನ್ನೂ ಬೈದ, ಎಂಟನೇ ಇಯತ್ತೆಯ ಮಾಸ್ತರನ್ನಂತೂ ವಿಶೇಷವಾಗಿ ಬೈದ. ಆಮೇಲೆ ಎದ್ದು ನಿಂತು, ಬನವಾಸಿ ದಾರಿಯಲ್ಲಿ ಹೋಗುತ್ತಿದ್ದ ಬಸ್ಸಿನ ಡ್ರೈವರು ಟಯರು ಹೋಯಿತೆಂದು ಬ್ರೇಕ್ ಹಾಕುವಷ್ಟು ಜೋರಾಗಿ ಕೂಗಿದ:

"ಟುಸ್!"

ಕೂಗಿ, ಧೊಪ್ಪೆಂದು ಮಲಗಿದ. ಮೇಲೆ ಅಕೇಸಿಯಾ ಎಲೆಗಳ ನಡುವೆ ಬಿಸಿಲು ಆಡುತ್ತಿತ್ತು. ಸ್ವಲ್ಪ ಹೊತ್ತಿಗೆ ಕುತ್ತಿಗೆಯ ಹತ್ತಿರ ಏನೋ ಹರಿದಾಡಿತು, ನಂತರ ಬೆನ್ನಲ್ಲಿ, ನಂತರ ಎಲ್ಲೆಲ್ಲೂ. ಬೈರನ ಕೆಂಪಿರುವೆ ಗೂಡು. ಸೋಮ ಅಲುಗಲಿಲ್ಲ.

"ಬೇಗ ಮುಗಸ್ರೋ!" ಎಂದು ಮಾತ್ರ ಮಲಗಿದಲ್ಲಿಂದಲೇ ಅಬ್ಬರಿಸಿದ.

"ಹೆಣ ಮಾತಾಡಬಾರ್ದು!" ಎಂದು ತೋಪಿನ ಎರಡೂ ಕಡೆಯಿಂದ ಒಟ್ಟಿಗೆ ಉತ್ತರ ಬಂತು.